ಮಗಳ ತಟ್ಟೆಯ ಪೈಚೆ

ನನ್ನ ಪುಟ್ಟಿ ಮಾರ್ಲಿತ್‌ಗೆ,

ಇಕಿಟೋಸ್ ಪಟ್ಟಣದಿಂದ ಬಂದ ಲಾಂಚಿನವರು ನಿನ್ನ ಕಾಗದ ಕೊಟ್ಟರು. ಇನ್ನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತೋದಿಲ್ಲ, ಗಂಟುಮೂಟೆ ಕಟ್ಟಿ ಊರಿಗೆ ಬಂದುಬಿಡ್ತೀನಿ ಅಂತ ಬರೆದಿದ್ದೀಯ. "ಆ ಮೀನು ತಿಂದ ಬಾಯಲ್ಲಿ ಕೆರೆ ಕಾಡು ಉಳಿಸೋ ಪಾಠ ಹೇಗೆ ಒಪ್ಪಿಸಲಿ ಅತ್ತೆ?" ಅಂತ ಕೇಳಿದ್ದೀಯ. ಅದನ್ನೇ ಯೋಚಿಸುತ್ತ ಕೂತವಳಿಗೆ ಒಲೆಯ ಮೇಲಿನ ಮರಗೆಣಸು ಸೀದದ್ದೂ ತಿಳಿಯಲಿಲ್ಲ. ನಿನ್ನ ಹಳೇ ಪುಸ್ತಕ ನೋಡಿ ಅಕ್ಷರ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಹೋದ ವರ್ಷ ರಜೆಗೆ ಬಂದಾಗ ಊರಸಭೆಯಲ್ಲಿ ನೀನೇ ಹೇಳಿದ್ದೆ: ಕೆರೆಯಲ್ಲಿ ಪೈಚೆ ಮೀನು ಬೆರಳೆಣಿಕೆಗೆ ಬಂದಿದೆ, ಮರಿಗಳು ದೊಡ್ಡವಾಗುವವರೆಗೆ ಯಾರೂ ಈಟಿ ಎತ್ತಬಾರದು ಅಂತ. ಮೊದಲು ಕೈ ಎತ್ತಿದವನು ನಿನ್ನಪ್ಪ. "ನನ್ನ ಮಗಳು ಹೇಳಿದ ಮೇಲೆ ಮುಗೀತು!" ಅಂದಿದ್ದ. ಪಕ್ಕದ ಮನೆಯ ರೊಸೆಂಡೊ ಬಿಡುತ್ತಾನೆಯೇ? "ಓದಿಸು ಅನಿಸೆಟೊ, ಚೆನ್ನಾಗಿ ಓದಿಸು, ನಾಳೆ ನಿನ್ನ ದೋಣೀನೇ ಕಸ್ಕೋತಾಳೆ!" ಅಂತ ಚುಚ್ಚಿದ. ಎಲ್ಲರೂ ನಕ್ಕಿದ್ದೆವು.

ದೂರದಿಂದ ಬಂದ ಮಕ್ಕಳಿಗೆ ಅಪ್ಪ ತನ್ನ ಕೈಯಾರೆ ಹಿಡಿದ ಮೀನು ಬಡಿಸದಿದ್ದರೆ ನಮ್ಮಲ್ಲಿ ಅದಕ್ಕಿಂತ ಅವಮಾನ ಉಂಟೇ? ಈ ಸಲ ನೀನು ಬರುವ ವಾರ ನದಿ ಉಕ್ಕಿ ಮೀನೆಲ್ಲ ಕಾಡಿನ ನೀರಿಗೆ ಚದುರಿತ್ತು. ಅವನ ಬಲೆಗೆ ಬಿದ್ದದ್ದು ಬರೀ ಕಸಕಡ್ಡಿ. "ನನ್ನ ಮಗಳ ತಟ್ಟೆಗೆ ಅಂಗಡಿ ಡಬ್ಬಿ ಮೀನು ಹಾಕ್ಲಾ ಅಕ್ಕ?" ಅಂದ. ನನ್ನ ಕೋಳಿ ಕುಯ್ಯೋ ಅಂದೆ. ಕೇಳಲಿಲ್ಲ, ಈಟಿ ತಗೊಂಡು ಕೆರೆಗೆ ಹೋದ. ಹೊಡೆದದ್ದು ಮರಿ ಕಾಯುತ್ತಿದ್ದ ಗಂಡು ಪೈಚೆಯನ್ನ. ಅದು ಸತ್ತರೆ ಅದರ ತಲೆ ಸುತ್ತ ಈಜುವ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಮಗಳೇ.

ಅದು ಪೈಚೆ ಅಂತ ನೀನು ಮೊದಲ ತುತ್ತಿಗೇ ತಿಳಿದುಕೊಂಡೆ. ನಿನ್ನ ಕೈ ತಡೆದದ್ದು ನಾನು ನೋಡಿದೆ. ಎದುರಿಗೆ ಅವನು ನಿನ್ನ ಬಾಯನ್ನೇ ನೋಡುತ್ತ ಕೂತಿದ್ದ. ನೀನು ನುಂಗಿ, "ಚೆನ್ನಾಗಿದೆ ಅಪ್ಪಾ" ಅಂದೆ.

ಕೆರೆ ಕಾಯುವವರಿಗೆ ನಮ್ಮ ಹಿತ್ತಲಲ್ಲಿ ಅಂಗೈಯಗಲದ ಮೀನಿನ ಹುರುಪೆ ಸಿಕ್ಕಿತು, ಅಷ್ಟು ದೊಡ್ಡದು ಪೈಚೆಗಲ್ಲದೆ ಇನ್ಯಾವುದಕ್ಕೆ? ಮತ್ತೆ ಸಭೆ. ಹಿರಿಯರು ನಿನ್ನನ್ನೇ ಕೇಳಿದರು. "ಈ ಸಲ ಬಿಟ್ಟುಬಿಡಿ" ಅಂದಿದ್ದರೆ ಬಿಡುತ್ತಿದ್ದರು, ಅವರೂ ಅದನ್ನೇ ಕಾಯುತ್ತಿದ್ದರು. ನೀನು ಎದ್ದು, "ನಾನೂ ತಿಂದಿದ್ದೀನಿ. ಆದ್ರೂ ಅಪ್ಪನಿಗೆ ಬೇರೆ ನಿಯಮ ಇಲ್ಲ" ಅಂದೆ. ಇನ್ನೊಮ್ಮೆ ನದಿ ಉಕ್ಕಿ ಇಳಿಯುವ ತನಕ ಅವನು ನೀರಿಗಿಳಿದು ಮೀನು ಹಿಡಿಯುವಂತಿಲ್ಲ ಅಂತಾಯಿತು. ದೋಣಿ ಎಳೆದು ಸಭೆಮನೆಯ ಕಂಬಕ್ಕೆ ಕಟ್ಟಿದರು. ಅಂದು ಚುಚ್ಚಿದ್ದ ರೊಸೆಂಡೊ ಕೂಡ ತಲೆ ತಗ್ಗಿಸಿ ಮನೆಗೆ ನಡೆದ.

ನೀನು ಮಾಡಿದ್ದು ಸರಿ ಅಂತ ಬರೆಯೋಣವೆಂದರೆ ಮೂಲೆಯಲ್ಲಿ ಕೂತ ತಮ್ಮ ಕಣ್ಣಿಗೆ ಬೀಳುತ್ತಾನೆ. ತಪ್ಪು ಅನ್ನಲು ಬಾಯಿ ಬರುವುದಿಲ್ಲ. ಆದರೆ ಓದು ಅರ್ಧಕ್ಕೆ ಬಿಟ್ಟು ಬಂದರೆ ಅವನ ದೋಣಿ ಹೋದದ್ದು ಯಾತಕ್ಕೆ? ಮೀನು ತಿಂದ ಬಾಯಿ ಅಂತೀಯಲ್ಲ, ಸಭೆಯಲ್ಲಿ ನಿಜ ಹೇಳಿದ್ದೂ ಅದೇ ಬಾಯಿ. ಪಾಠವನ್ನೂ ಅದರಲ್ಲೇ ಒಪ್ಪಿಸು.

ನೀನು ಹೋದ ಮೇಲೆ ಅವನು ನಿನ್ನ ಹೆಸರೆತ್ತಿರಲಿಲ್ಲ. ನಿನ್ನೆ ಕಾಗದ ಓದಿ ಹೇಳಿದೆ. ಬುಟ್ಟಿ ಹೆಣೆಯುತ್ತಲೇ ಇದ್ದ. "ಏನು ಬರೀಲೋ? ಬಾ ಅನ್ನಲಾ?" ಅಂದೆ.

"ಈಗ ಬೇಡ ಅನ್ನು."

ನನಗೆ ರೇಗಿತು. ಹೆತ್ತ ಮಗಳ ಮೇಲೆ ಇಷ್ಟು ಹಟವೇನೋ ನಿಂಗೆ ಅಂತ ಬೈದೆ.

"ಬಂದ್ರೆ ಏನು ಬಡಿಸ್ಲಿ ಅಕ್ಕ?" ಅಂದ.

ಹೊತ್ತಿಗೆ ಸರಿಯಾಗಿ ಉಣ್ಣು ಕಂದಾ. ದೇವರು ನಿನ್ನ ತಲೆ ಕಾಯಲಿ, ನಮ್ಮ ನದಿ ನಿನ್ನ ಮನಸ್ಸು ತಂಪಾಗಿಡಲಿ.

ನಿನ್ನನ್ನೇ ನೆನೆಯುತ್ತಿರುವ,
ಡೆಲ್ಮಿರಾ ಅತ್ತೆ