ನಡುಪುಟದಲ್ಲಿ ನೀಲಿ ಬಳಿದ ಬಾಲ್ಕನಿ

ಸಂಗೀತ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ, ನೀರು ಹಿಡಿದಿಟ್ಟು, ನೆನೆಸಿದ ಬಟ್ಟೆ ಹಿಂಡಿ ಹರವಿ, ದೀಪ ಹಚ್ಚಿ ಕುಳಿತರೆ ಪ್ರಾರ್ಥನೆ ಬಾಯಿಗೆ ಬರಲೊಲ್ಲದು. ನಿಮ್ಮ ಸಭಾಂಗಣದ ಬಾಲ್ಕನಿಯೇ ಕಣ್ಣ ಮುಂದೆ ಬಂದು ನಿಂತಿತು. ದೇವರಿಗೆ ಹೇಳುವುದನ್ನು ಹೇಳಿಯಾಗಿದೆ. ಈಗ ನಿಮಗೆ, ನಾಲ್ಕು ಜನ ಓದುವ ಹಾಗೆ ಊರಿನ ದಿನಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ನಿಮ್ಮ ಬಾಲ್ಕನಿ ಬಿರುಕು ಬಿಡುತ್ತಿದೆ. ಅದನ್ನು ಕಂಡುಹಿಡಿದ ಮಕ್ಕಳ ಪತ್ರಿಕೆಯ ಪುಟಕ್ಕೆ ನೀವು ನೀಲಿ ಬಣ್ಣ ಬಳಿಸಿದ್ದೀರಿ. ಬರುವ ಶನಿವಾರ, ವಾರ್ಷಿಕೋತ್ಸವದ ಸಂಜೆ, ಅದೇ ಮಕ್ಕಳನ್ನು ಅದೇ ಬಾಲ್ಕನಿಯ ಮೇಲೆ ನಿಲ್ಲಿಸಿ ಹಾಡಿಸಲು ಹೊರಟಿದ್ದೀರಿ.

ನಾನು ಯಾರೆಂದು ನಿಮಗೆ ಗೊತ್ತಿದೆ, ಓದುವವರಿಗೆ ಗೊತ್ತಿಲ್ಲ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಮಗಳು ನನ್ನ ಹತ್ತಿರ ಬೆಳೆದಳು. ನನ್ನನ್ನು ದೊಡ್ಡಮ್ಮ ಎಂದು ಕರೆಯುತ್ತಾಳೆ, ನನಗೆ ಅವಳು ಮಗಳೇ. ನಿಮ್ಮ ಕಾಲೇಜಿನ ಗಾಯನವೃಂದದಲ್ಲಿ ಹಾಡುತ್ತಾಳೆ. ಈ ವರ್ಷದ ವಿದ್ಯಾರ್ಥಿ ಸಂಗೀತ ಪತ್ರಿಕೆ ‘ಕಿವಿಮಾತಿ’ಗೆ ಅವಳೇ ಸಂಪಾದಕಿ. ಜೊತೆಗೆ ಇಬ್ಬರು ಗೆಳತಿಯರು. ಪುಟ ವಿನ್ಯಾಸ ಮಾಡುವವಳ ಕೈಯಲ್ಲಿ ಸದಾ ಅಡಿಕೋಲು ಇರುವುದರಿಂದ ಅವಳು ‘ಸ್ಕೇಲು’. ಚಿತ್ರ ತೆಗೆಯುವವಳು ಎಲ್ಲರಿಗಿಂತ ಎತ್ತರ, ಹಾಗಾಗಿ ‘ಏಣಿ’. ಪತ್ರಿಕೆಗೆಂದು ಕೊಟ್ಟಿದ್ದ ಕೋಣೆಯಲ್ಲಿ ಮುರಿದ ಬೆಂಚುಗಳು ತುಂಬಿಕೊಂಡಿದ್ದರಿಂದ ಮೂವರೂ ನನ್ನ ಮನೆಗೆ ಬಂದರು. ಬಟ್ಟೆ ಕತ್ತರಿಸುವ ನನ್ನ ಮೇಜಿನಷ್ಟು ದೊಡ್ಡ ಮೇಜು ನಿಮ್ಮ ಕಾಲೇಜಿನಲ್ಲಿ ಇರುವುದು ನಿಮ್ಮ ಕೋಣೆಯಲ್ಲಿ ಮಾತ್ರ. ಅಲ್ಲಿ ಕೂರಲು ಅವರಿಗೆ ಅನುಮತಿ ಇರಲಿಲ್ಲ.

ಪತ್ರಿಕೆ ಎಂದರೆ ಬರೆದು ಅಚ್ಚಿಗೆ ಕೊಡುವುದು ಎಂದುಕೊಂಡಿದ್ದೆ. ಅಷ್ಟೇ ಅಲ್ಲ. ಅಳತೆ ಕತ್ತರಿಸುವ ನನ್ನ ಖಾಕಿ ಕಾಗದವನ್ನೇ ಮಡಚಿ ಮಾದರಿ ಪುಸ್ತಕ ಮಾಡಿದರು, ನಡುವೆ ಮೆಷಿನ್ನಿನಲ್ಲಿ ಒಂದು ಹೊಲಿಗೆ ಹಾಕಿಕೊಟ್ಟೆ. ಯಾವ ಪುಟದಲ್ಲಿ ಯಾವ ಲೇಖನ, ಎಲ್ಲಿ ಚಿತ್ರ, ಎಲ್ಲಿ ಸುಮ್ಮನೆ ಬಿಳಿ ಜಾಗ, ಎಲ್ಲವನ್ನೂ ಅದರಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು, ಅಳಿಸುವುದು, ಜಗಳವಾಡುವುದು. ಬಿಳಿ ಜಾಗಕ್ಕೂ ಜಗಳ. “ಖಾಲಿ ಬಿಟ್ಟರೆ ಕಾಗದ ದಂಡ ಅಲ್ವೇನೇ?” ಎಂದೆ. “ಹಾಡಿನಲ್ಲಿ ಉಸಿರು ತಗೊಳ್ಳೋದು ದಂಡವಾ ದೊಡ್ಡಮ್ಮ?” ಎಂದಳು ನನ್ನ ಮಗಳು. ನಾನು ರವಿಕೆಯ ಗುಂಡಿಗೆ ಕಾಜ ಹಾಕುತ್ತಾ ಕೂತೆ.

ಇನ್ನೊಂದು ದಿನ ಸ್ಕೇಲು ಒಂದು ಹಾಳೆಯನ್ನು ನನ್ನ ಮುಖಕ್ಕೆ ಹಿಡಿದಳು.

“ದೊಡ್ಡಮ್ಮ, ಈ ಅಕ್ಷರ ಕಾಣುತ್ತಾ?”

“ಕನ್ನಡಕ ಹಾಕಿದ್ರೆ ಕಾಣುತ್ತೆ.”

“ಹಾಕದಿದ್ರೆ?”

“ಇರುವೆ ಸಾಲು.”

“ಹಾಗಾದ್ರೆ ಪ್ರಿನ್ಸಿಪಾಲರ ಸಂದೇಶಕ್ಕೆ ಇದೇ ಸೈಜ್ ಇರ್ಲಿ” ಎಂದಳು ಏಣಿ. ಮೂವರೂ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ.

ನಡುವಿನ ಎರಡು ಪುಟಕ್ಕೆ ಅವರು ಯೋಚಿಸಿದ್ದು ಸಭಾಂಗಣದ ನಕ್ಷೆ. ಯಾವ ಕುರ್ಚಿಯಲ್ಲಿ ಕೂತರೆ ಹಾಡು ಹೇಗೆ ಕೇಳುತ್ತದೆ ಎಂದು ಬಣ್ಣದಲ್ಲಿ ತೋರಿಸುವುದು. ವೇದಿಕೆಯ ಮೇಲೆ ಗಾಯನವೃಂದ ದೊಡ್ಡ ನಗಾರಿಯ ಜೊತೆ ಅಭ್ಯಾಸ ಮಾಡುವಾಗಲೆಲ್ಲ ಮೂವರಲ್ಲಿ ಒಬ್ಬೊಬ್ಬರು ಕೆಳಗಿಳಿದು, ಒಂದೊಂದು ಕುರ್ಚಿಯಲ್ಲಿ ಕೂತು ಕೇಳಿ, ಮನೆಗೆ ಬಂದು ನಕ್ಷೆಯ ಮೇಲೆ ನನ್ನ ಗುಂಡುಸೂಜಿ ಚುಚ್ಚುತ್ತಿದ್ದರು. ಸ್ವಚ್ಛವಾಗಿ ಕೇಳಿದರೆ ನೀಲಿ ತಲೆಯದು. ಮಬ್ಬಾಗಿ ಕೇಳಿದರೆ ಹಳದಿ. ಹಾಡಿನ ಜೊತೆ ಬೇರೆ ಏನಾದರೂ ಸದ್ದು ಸೇರಿಕೊಂಡರೆ ಕೆಂಪು. ಬಾಲ್ಕನಿಯ ಕೆಲವು ಕುರ್ಚಿಗಳಲ್ಲಿ ನಗಾರಿ ಬಡಿದಾಗಲೆಲ್ಲ ಕೆಳಗಿನಿಂದ ಇನ್ನೊಂದು ಸದ್ದು ಬರುತ್ತಿತ್ತು. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ ಎಂದಳು ಏಣಿ. ಹಳೇ ಕುರ್ಚಿಗಳು ಕಿರುಗುಟ್ಟುತ್ತಿವೆ ಎಂದುಕೊಂಡು, ‘ಇಲ್ಲಿ ತಾಳ ಉಚಿತ’ ಎಂಬ ಶೀರ್ಷಿಕೆಯನ್ನೂ ಗೀಚಿಟ್ಟರು. ಪ್ರತಿಯೊಬ್ಬರೂ ಬೇರೆ ಬೇರೆ ದಿನ ಬೇರೆ ಬೇರೆ ಕುರ್ಚಿಯಲ್ಲಿ ಕೂತಿದ್ದರಿಂದ ಯಾರಿಗೂ ಅದು ಒಂದೇ ಸದ್ದು ಎಂದು ಹೊಳೆಯಲಿಲ್ಲ.

ಕೊನೆಯ ಸೂಜಿ ಚುಚ್ಚಿದ ಸಂಜೆ ನಾನು ಪಕ್ಕದಲ್ಲೇ ಇದ್ದೆ. ನೋಡಿದರೆ ಕೆಂಪು ತಲೆಗಳೆಲ್ಲ ಬಾಲ್ಕನಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದರ ಪಕ್ಕ ಒಂದು ಬಾಗಿದ ಸಾಲಾಗಿ ನಿಂತಿದ್ದವು. ನನಗೇನು ಗೊತ್ತು? “ಚೆನ್ನಾಗಿದೆ ಕಣೇ, ಸೆರಗಿಗೆ ಅಂಚು ಹಾಕಿದ ಹಾಗಿದೆ” ಎಂದೆ. ಸ್ಕೇಲು ಅಡಿಕೋಲನ್ನು ಮೇಜಿನ ಮೇಲಿಟ್ಟಳು. ಆ ಹುಡುಗಿ ಅದನ್ನು ಕೈಯಿಂದ ಕೆಳಗಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಕುರ್ಚಿ ಸದ್ದಾಗಿದ್ರೆ ಅಲ್ಲೊಂದು ಇಲ್ಲೊಂದು ಇರ್ಬೇಕಿತ್ತು” ಎಂದಳು. “ಇದು ಗೆರೆ.”

ಮಾರನೆಯ ದಿನ ಮೂವರೂ ಬಾಲ್ಕನಿಯ ಕೆಳಗೆ ನಿಂತು ಮೇಲೆ ನೋಡಿದರು. ಹೊಸದಾಗಿ ಬಳಿದ ಸುಣ್ಣದಲ್ಲಿ ಕೂದಲೆಳೆಯಂಥ ಬಿರುಕು, ನಕ್ಷೆಯಲ್ಲಿದ್ದ ಹಾಗೆಯೇ ಬಾಗಿಕೊಂಡು, ಗೋಡೆಯಿಂದ ಗೋಡೆಗೆ. ಕೆಳಗಿನ ಕುರ್ಚಿಗಳ ಮೇಲೆ ಬಿಳಿ ಪುಡಿ. ಸಭಾಂಗಣ ಗುಡಿಸುವಾಕೆಯನ್ನು ಕೇಳಿದರೆ, “ದಿನಾ ಒರೆಸ್ತೀನಿ, ದಿನಾ ಬೀಳುತ್ತೆ. ಒರೆಸು ಅಂತ ಹೇಳಿದ್ದಾರೆ, ಮೇಲೆ ನೋಡು ಅಂತ ಯಾರೂ ಹೇಳಿಲ್ಲ ಕಣಮ್ಮ” ಎಂದಳಂತೆ. ನಕ್ಷೆಯ ಕೆಳಗೆ ಮಕ್ಕಳು ಬರೆದಿದ್ದು ಎರಡೇ ಸಾಲು. ಕೆಂಪು ಗುರುತಿನ ಸದ್ದನ್ನು ಬಲ್ಲವರು ಪರೀಕ್ಷಿಸಬೇಕು, ಅಲ್ಲಿಯವರೆಗೆ ಬಾಲ್ಕನಿ ಮುಚ್ಚಿರಲಿ. ಇದರಲ್ಲಿ ಬೈಗುಳ ಎಲ್ಲಿದೆ? ನಿಮ್ಮ ಹೆಸರು ಎಲ್ಲಿದೆ?

ಮಾದರಿ ಪ್ರತಿಯನ್ನು ಹಿಡಿದು ನಿಮ್ಮ ಸಹಿಗೆ ಬಂದರು. ಮುಖಪುಟ ನೋಡಿ “ಭೇಷ್” ಎಂದಿರಂತೆ. ನಡುಪುಟ ತೆರೆದ ಮೇಲೆ, “ಇದು ಸಂಗೀತದ ಪತ್ರಿಕೆಯೋ, ಗಾರೆ ಮೇಸ್ತ್ರಿಯ ವರದಿಯೋ?” ಎಂದಿರಂತೆ. ಪ್ರತಿಯನ್ನು ಇಟ್ಟುಕೊಂಡು ಮಕ್ಕಳನ್ನು ಕಳಿಸಿದಿರಿ. ಅದು ಅಚ್ಚಿನ ಮನೆಯಿಂದ ತಿರುಗಿ ಬಂದಾಗ ನಕ್ಷೆಯ ಬಾಲ್ಕನಿಯಿಡೀ ನೀಲಿ. ಎರಡು ಸಾಲು ಮಾಯ. ಹಿಂದಿನ ಎರಡು ಪುಟಗಳಲ್ಲಿ ನಿಮ್ಮ ಸಂದೇಶ, ಕನ್ನಡಕವಿಲ್ಲದೆ ನಾನು ಬಾಗಿಲಿನಿಂದಲೇ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ. ‘ನಮ್ಮ ಸಭಾಂಗಣದ ಪ್ರತಿ ಆಸನದಲ್ಲೂ ಸ್ವರ ಸ್ವಚ್ಛ’ ಎಂದು ಬರೆದಿದ್ದೀರಿ. ಯಾವ ಆಸನದಲ್ಲಿ ಕೂತು ಕೇಳಿ ಬರೆದಿರಿ ಸ್ವಾಮಿ? ಬಿಳಿ ಜಾಗ ಒಂದೂ ಉಳಿದಿಲ್ಲ. ಉಸಿರಾಡಲು ಕೂಡ.

ನಾನೇ ನಿಮ್ಮ ಕಚೇರಿಗೆ ಬಂದೆ. ಬಾಗಿಲ ಹೊರಗೆ ಬೆಳಗಿನಿಂದ ಕೂರಿಸಿ, ಊಟದ ಹೊತ್ತು ಮುಗಿದ ಮೇಲೆ ಒಳಗೆ ಕರೆದಿರಿ.

“ಎಷ್ಟು ಓದಿದ್ದೀರಮ್ಮ?”

“ಹಳ್ಳಿ ಶಾಲೆ ಸಾರ್, ಏಳನೇ ಕ್ಲಾಸು.”

“ಈ ಕಟ್ಟಡವನ್ನ ತಜ್ಞರು ನೋಡಿ ಸರಿಯಿದೆ ಅಂದಿದ್ದಾರೆ.”

“ಯಾವಾಗ ನೋಡಿದ್ರು ಸಾರ್?”

“ಕಟ್ಟಿದಾಗ.”

ನಾನು ನಗಲಿಲ್ಲ. ಆಮೇಲೆ ನೀವೇ ಮೆತ್ತಗೆ, “ದೇವರಿದ್ದಾನೆ ಅಮ್ಮ, ಭಯ ಪಡಬೇಡಿ. ನೀವು ಭಕ್ತರು ಅಂತ ಕಾಣುತ್ತೆ” ಎಂದಿರಿ. ಹೌದು, ಭಕ್ತೆಯೇ. ಅವನ ಮೇಲೆ ನನ್ನ ಭಾರವನ್ನೆಲ್ಲ ಹಾಕಿ ಬದುಕಿದ್ದೇನೆ. ಆದರೆ ತೊಲೆ ಇರಬೇಕಾದ ಜಾಗದಲ್ಲಿ ದೇವರನ್ನು ನಿಲ್ಲಿಸುವ ಧೈರ್ಯ ನನಗಿಲ್ಲ. ಅಷ್ಟು ದೊಡ್ಡ ಭಕ್ತಿ ನಿಮ್ಮದೊಬ್ಬರದೇ.

ಆಮೇಲೆ ನಡೆದದ್ದು ಒಂದೊಂದಾಗಿ ಕೇಳಿ. ಏಣಿಯ ಅಪ್ಪನಿಗೆ ಕಾಲೇಜಿನಿಂದ ಫೋನ್ ಹೋಯಿತು, ಅವಳು ಪತ್ರಿಕೆಯ ಕೆಲಸ ಬಿಟ್ಟಳು. ಬೀದಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಾಳೆ. ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟ ಗುಡಿಸುವಾಕೆ ಈಗ ಸಭಾಂಗಣದಲ್ಲಿಲ್ಲ, ಹಿಂದಿನ ಗೋದಾಮಿಗೆ ಹಾಕಿದ್ದಾರೆ. ಬಿರುಕಿನ ಮೇಲೆ ಇನ್ನೊಂದು ಪದರ ಸುಣ್ಣ ಬಿದ್ದಿದೆ. ಹೋದ ವಾರ ಸೂಚನಾಫಲಕದಲ್ಲಿ ಒಂದು ಹಾಳೆ ಬಂತು: ‘ಕೆಲವರು ಹಬ್ಬಿಸುತ್ತಿರುವ ವದಂತಿಗೆ ಉತ್ತರವಾಗಿ’ ವಾರ್ಷಿಕೋತ್ಸವದ ಕೊನೆಯ ಹಾಡನ್ನು ಗಾಯನವೃಂದ ಬಾಲ್ಕನಿಯಿಂದ ಹಾಡತಕ್ಕದ್ದು, ನಗಾರಿಯೂ ಅಲ್ಲೇ. ಆ ಹಾಡಿನಲ್ಲಿ ಎಲ್ಲರೂ ಒಟ್ಟಿಗೆ ಕಾಲು ಬಡಿಯಬೇಕು. ಅದು ಮುಗಿದೊಡನೆ ನೀವು ವೇದಿಕೆಯಿಂದ ‘ಕಿವಿಮಾತು’ ಬಿಡುಗಡೆ ಮಾಡುತ್ತೀರಿ. ವದಂತಿಗೆ ಉತ್ತರ ಕೊಡಬೇಕೆಂದರೆ ಕಟ್ಟಡ ಬಲ್ಲವನೊಬ್ಬನನ್ನು ಕರೆಸಿದರೆ ಸಾಕಿತ್ತು. ನೀವು ಮಕ್ಕಳನ್ನು ಕರೆದಿರಿ. ಅವರೇನು ತೂಕದ ಕಲ್ಲುಗಳೇ?

ಮಗಳಿಗೆ ಹೇಳಿದೆ, “ಅವತ್ತು ಜ್ವರ ಅನ್ನು, ಮಲಗಿಬಿಡು.”

ಅವಳು ತಲೆ ಬಾಚಿಕೊಳ್ಳುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. “ನಾನು ಹೋಗದಿದ್ರೆ ನನ್ನ ಜಾಗದಲ್ಲಿ ಮೊದಲನೇ ವರ್ಷದವಳನ್ನ ನಿಲ್ಲಿಸ್ತಾರೆ ದೊಡ್ಡಮ್ಮ. ಅವಳಿಗೆ ಗೊತ್ತೇ ಇಲ್ಲ. ನನಗೆ ಗೊತ್ತಿದೆ.”

“ಗೊತ್ತಿದ್ದು ಏನು ಮಾಡ್ತೀಯೇ ಅಲ್ಲಿ ನಿಂತು?”

“ಸದ್ದು ಬಂದ ತಕ್ಷಣ ಹಾಡು ನಿಲ್ಸಿ ಎಲ್ಲರನ್ನೂ ಓಡಿಸ್ತೀನಿ.”

ಈ ಮಾತಿಗೆ ನಿಮ್ಮ ಹತ್ತಿರ ಉತ್ತರ ಇದೆಯೇ? ಅಷ್ಟು ಜನರ ಗಂಟಲು, ಅಷ್ಟು ಜನರ ಕಾಲು, ಪಕ್ಕದಲ್ಲೇ ನಗಾರಿ. ಅದರ ನಡುವೆ ಹಲ್ಲು ಕಡಿಯುವ ಸದ್ದನ್ನು ಒಬ್ಬ ಹುಡುಗಿ ಕೇಳಿಸಿಕೊಳ್ಳಬೇಕು. ಬಾಲ್ಕನಿಯಿಂದ ಇಳಿಯಲು ಇರುವುದು ಒಂದೇ ಮೆಟ್ಟಿಲಸಾಲು, ಅದೂ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಂಥದ್ದು. ಸಂಗೀತ ಕಲಿಸುವ ಕಾಲೇಜು ನನ್ನ ಮಗಳ ಕಿವಿಗೆ ಕೊಟ್ಟಿರುವ ಪರೀಕ್ಷೆ ಇದು. ತಪ್ಪಾದರೆ ಮರುಪರೀಕ್ಷೆ ಇಲ್ಲ.

ನಿನ್ನೆ ನನ್ನ ಹೆಸರಿಗೂ ಒಂದು ಪಾಸು ಬಂದಿದೆ, ‘ಪೋಷಕರಿಗೆ ಗೌರವದ ಆಸನ’ ಎಂದು. ಅದರಲ್ಲಿರುವ ಕುರ್ಚಿಯ ಸಂಖ್ಯೆ ಬಾಲ್ಕನಿಯ ನೇರ ಕೆಳಗಿನದು. ಬೇಕೆಂದೇ ಕೊಟ್ಟಿರೋ, ನೋಡದೆ ಕೊಟ್ಟಿರೋ ನನಗೆ ತಿಳಿಯದು. ಬೇಕೆಂದೇ ಕೊಟ್ಟಿದ್ದರೆ ನಿಮ್ಮ ಮನಸ್ಸಿಗೆ ಹೆದರುತ್ತೇನೆ; ನೋಡದೆ ಕೊಟ್ಟಿದ್ದರೆ ಅದಕ್ಕಿಂತ ಹೆಚ್ಚು ಹೆದರುತ್ತೇನೆ.

ನಾನು ಕೇಳುವುದು ಇಷ್ಟೇ. ಶನಿವಾರದ ಒಳಗೆ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿಸಿ, ನಿಮ್ಮ ಸಂಬಳ ತಿನ್ನದ ತಜ್ಞನೊಬ್ಬನಿಂದ ಮೇಲೆ ಕೆಳಗೆ ನೋಡಿಸಿ. ನಡುಪುಟವನ್ನು ಮಕ್ಕಳು ಮಾಡಿದ ಹಾಗೆಯೇ, ಕೆಂಪು ಕೆಂಪಾಗಿಯೇ ಅಚ್ಚು ಹಾಕಿಸಿ. ಮಕ್ಕಳ ಮಾತು ಸುಳ್ಳೆಂದು ಗೊತ್ತಾದರೆ ಮೂವರ ಪರವಾಗಿ ನಾನೇ ನಿಮ್ಮ ವೇದಿಕೆ ಹತ್ತಿ, ಎಲ್ಲರ ಎದುರು ಕ್ಷಮೆ ಕೇಳುತ್ತೇನೆ. ಅಂಥ ಅವಮಾನ ನನಗೆ ಆಗಲಿ ಎಂದೇ ಇವತ್ತು ಉಪವಾಸ ಇದ್ದೇನೆ. ಇದೊಂದೂ ಆಗದಿದ್ದರೆ ಶನಿವಾರ ಮಗಳು ಮೇಲೆ ನಿಂತು ಹಾಡುತ್ತಾಳೆ. ನಾನು ನೀವು ಕೊಟ್ಟ ಕುರ್ಚಿಯಲ್ಲೇ, ಅವಳ ಕಾಲಡಿಗೇ ಕೂರುತ್ತೇನೆ. ಅವಳನ್ನು ಒಬ್ಬಳನ್ನೇ ಕಳಿಸಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾ ಇರಲು ನನ್ನಿಂದಾಗದು.

ಓದುಗರಲ್ಲಿ ಒಂದು ಕೋರಿಕೆ. ಕಚೇರಿಗೆ ಹೋಗಿ ಬಂದ ಮೇಲೆ ಕಾಲೇಜಿನ ಗೇಟಿನೊಳಗೆ ನನ್ನನ್ನು ಬಿಡಬಾರದೆಂದು ಕಾವಲುಗಾರನಿಗೆ ಹೇಳಿದ್ದಾರೆ. ಶನಿವಾರ ಪಾಸು ತೋರಿಸಿದರೆ ಬಿಡುತ್ತಾರಂತೆ, ಅಷ್ಟು ಹೊತ್ತಿಗೆ ಉತ್ತರ ತೆಗೆದುಕೊಂಡು ಏನು ಮಾಡಲಿ? ಆ ಕಡೆ ಹೋಗುವವರು ಯಾರಾದರೂ ಇದ್ದರೆ ಶುಕ್ರವಾರದೊಳಗೆ ಪ್ರಾಂಶುಪಾಲರ ಕಚೇರಿಯಲ್ಲಿ ಕೇಳಿ, ಈ ಪತ್ರಕ್ಕೆ ಬರೆದ ಉತ್ತರ ಇದ್ದರೆ ನನಗೆ ತಂದುಕೊಡಿ; ನನ್ನ ಮನೆಯ ಗುರುತು ಈ ದಿನಪತ್ರಿಕೆಯವರ ಹತ್ತಿರ ಇದೆ. ಬರೆದಿಲ್ಲ ಎಂದರೆ, ಅದನ್ನೂ ಬಂದು ಹೇಳಿ.

ಇಂತಿ,
ಕಟ್ಟಡದ ವಿಷಯ ಏನೂ ಅರಿಯದ, ಗೌರವದ ಆಸನ ಪಡೆದ
ಒಬ್ಬ ದೊಡ್ಡಮ್ಮ