ಅಪ್ಪನ ಬೆನ್ನ ಮೇಲೆ ನಿನ್ನ ಹೆಸರು

ಅಮ್ಮಾ,

ಇವತ್ತು ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೂಡಿಸುವ ಸೈಕಲ್ ಸವಾರಿಗೆ ಹೋಗಿದ್ದೆ. ಹ್ಯಾಲಿಫ್ಯಾಕ್ಸ್‌ನಿಂದ ಹೊರಟ ನೂರಾರು ಜನರಲ್ಲಿ ಅಪ್ಪನೂ ಇದ್ದ. ನಿನ್ನನ್ನು ಮಣ್ಣು ಮಾಡಿದ ಮೇಲೆ ಅವನನ್ನು ನೋಡಿದ್ದು ಇದೇ ಮೊದಲು. ಅವನ ಅಂಗಿಯ ಬೆನ್ನಿಗೆ ಪಿನ್ನು ಹಾಕಿದ್ದ ಬಟ್ಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು: ‘ನನ್ನ ಪ್ರೀತಿಯ ಹೆಂಡತಿ ಮ್ಯೂರಿಯಲ್‌ಗಾಗಿ.’

ನಿನ್ನ ಕೂದಲು ಉದುರತೊಡಗಿದ ವಾರವೇ ಪೆಟ್ಟಿಗೆ ಹಿಡಿದು ಆ ಇನ್ನೊಬ್ಬಳ ಮನೆಗೆ ಹೋದವನು!

ದಾರಿಯಲ್ಲಿ ಚಹಾ ಕೊಡುತ್ತಿದ್ದ ಹೆಂಗಸೊಬ್ಬಳು ಅವನ ಕೈ ಹಿಡಿದುಕೊಂಡಳು. “ಎಂಥಾ ಗಂಡ ರೀ ನೀವು! ನಾನು ಸತ್ರೆ ನಮ್ಮನೆಯವ್ರು ಟಿವಿ ಸೌಂಡೂ ಕಮ್ಮಿ ಮಾಡಲ್ಲ. ಕೊನೇತನಕ ಜೊತೆಗಿದ್ರಾ?”

“ತುಂಬಾ ಧೈರ್ಯವಂತೆ ಅವಳು,” ಎಂದು ಅಪ್ಪ ಕಣ್ಣೊರೆಸಿಕೊಂಡ. ಆಮೇಲೆ ಇನ್ನೊಂದು ತುಂಡು ಕೇಕು ತೆಗೆದುಕೊಂಡ.

ಮುಂದಿನ ಏರಿನಲ್ಲಿ ಅವನಿಗೆ ಏದುಸಿರು ಬಂತು, ಸೈಕಲ್ಲು ಓಲಾಡತೊಡಗಿತು. ದಾಟಿಹೋಗುತ್ತಿದ್ದವರು, “ಬಿಡಬೇಡ ತಾತಾ, ಮ್ಯೂರಿಯಲ್ ನೋಡ್ತಿದ್ದಾಳೆ!” ಎಂದು ಕೂಗಿದರು. ಅವನು ಇಳಿಯುವುದರಲ್ಲಿದ್ದ. ನಿನ್ನ ಹೆಸರು ಅರ್ಧ ಗುಡ್ಡದಲ್ಲಿ ನಿಂತುಬಿಡುವುದು ನನಗೆ ಬೇಡವಾಗಿತ್ತು. ಪಕ್ಕಕ್ಕೆ ಹೋಗಿ, ಅಸಹ್ಯಪಡುತ್ತಲೇ ಆ ಬೆವೆತ ಬೆನ್ನಿಗೆ ಕೈಕೊಟ್ಟು ಗುಡ್ಡದ ನೆತ್ತಿಯವರೆಗೂ ತಳ್ಳಿದೆ.

ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪ ತಿರುಗಿ ನೋಡಿ, “ನೀನು ಥೇಟ್ ನಿಮ್ಮಮ್ಮನೇ ಕಣೇ, ಕೈ ಬಿಡಲ್ಲ,” ಎಂದ.

ಆ ಮಾತನ್ನು ಯಾರ ಬಾಯಿಂದಾದರೂ ಕೇಳಬೇಕೆಂದು ಎಷ್ಟು ಕಾದಿದ್ದೆ, ಅಮ್ಮಾ. ಅವನೇ ಹೇಳಬೇಕಿತ್ತೇ?

ನಿನ್ನ,
ಬರ್ನಿಸ್