ಅವ್ವ ವಯಸ್ಸು ಕಡಿಮೆ ಮಾಡಿಸಿಕೊಳ್ಳಲಿಲ್ಲ

ಮಾಕಳಿ
೨೦ ಜುಲೈ ೨೦೨೫, ಭಾನುವಾರ

ಪ್ರೀತಿಯ ಪರಮಾನಂದಣ್ಣಾ,

ಆರಾಮಿದ್ದೀಯಾ? ರತ್ನಾಗಿರಿಯಲ್ಲಿ ಮಳೆ ಜೋರಂತೆ, ಒದ್ದೆ ಬಟ್ಟೆಯಲ್ಲೇ ಕೆಲಸಕ್ಕೆ ನಿಲ್ಲಬೇಡ. ಫೋನಿನಲ್ಲಿ ಹೇಳಹೊರಟರೆ ನನಗೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಬೇಕೆಂದು ನಿನಗೆ ಗೊತ್ತೇ ಇದೆ. ಇಲ್ಲಿನ ಧರ್ಮಾರ್ಥ ಕೇಂದ್ರದಲ್ಲಿರುವುದು ನಾಲ್ಕೇ ಯಂತ್ರ. ಅರವತ್ತೈದು ದಾಟಿದವರ ಹೆಸರು ಪಟ್ಟಿಯ ಕೊನೆಗೆ ಎಂಬುದು ಅವರ ನಿಯಮ. ಅವ್ವನಿಗೆ ಎಪ್ಪತ್ತೊಂದು. ಅವಳ ನಂತರ ಬಂದವರೂ ಮುಂದೆ ಹೋದರು. ನಮ್ಮ ಮನೆಯವರು, ಆಧಾರ್‌ನಲ್ಲಿರುವುದು ಹೇಗೂ ಅಂದಾಜಿನ ವಯಸ್ಸು, ಎಂಟು ವರ್ಷ ಇಳಿಸಿಬಿಡೋಣ ಎಂದರು. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು (ಬೈದರೂ ಬಿಡುವುದಿಲ್ಲ, ಕೂತೇ ಬಡಿಯುತ್ತಾಳೆ). "ನನ್ನ ವಯಸ್ಸು ನಾ ದುಡದು ಗಳಿಸೇನಿ. ಒಂದ ವರ್ಷಾನೂ ಬಿಟ್ಟುಕೊಡೂದಿಲ್ಲ. ಅವರ ಮುಂದ ನನ್ನ ಕರಕೊಂಡು ನಡೀರಿ" ಎಂದಳು.

ಹೋದೆವು. ಕೇಂದ್ರದ ಸಮಿತಿಯ ಐವರು ಕೂತಿದ್ದರು. ಡಾಕ್ಟರ್ ಹೇಮಲತಾ ಮೆತ್ತಗೆ, "ಅಜ್ಜಿ, ಚಿಕ್ಕವರು ಇನ್ನೂ ಬದುಕಬೇಕಲ್ವಾ?" ಎಂದರು. ಅವ್ವ ಊದಿದ ಕಾಲಲ್ಲೇ ಎದ್ದು ನಿಂತಳು. "ಅವರಿಗೆ ಕೊಡಬ್ಯಾಡ್ರಿ ಅಂತ ನಾ ಅಂದೇನೇನ್ರಿ? ಯಾರಿಗೆ ಜಡ್ಡು ಜಾಸ್ತಿ ಐತಿ, ಯಾರು ಮೊದಲು ಬಂದಾರ ನೋಡ್ರಿ. ಹುಟ್ಟಿದ ಇಸ್ವಿ ನೋಡಿ ಮನಷಾನ ಅಳೀಬ್ಯಾಡ್ರಿ." ಎದೆಯುಬ್ಬಿ ನನಗೆ ಅಲ್ಲೇ ಚಪ್ಪಾಳೆ ತಟ್ಟುವ ಹಾಗಾಗಿತ್ತು.

ಮರುವಾರ ನಿಯಮ ತೆಗೆದರು. ಹೊಸ ಪಟ್ಟಿಯಲ್ಲಿ ಮೊದಲ ಜಾಗ ಸಿಕ್ಕಿದ್ದು ಲೇತ್ ಕೆಲಸದ ಯಮನಪ್ಪನಿಗೆ. ಮೂವತ್ತನಾಲ್ಕು ವರ್ಷದವನು, ಅವನ ಸ್ಥಿತಿ ಅವ್ವನಿಗಿಂತ ಕೆಟ್ಟಿತ್ತು. ನನಗೆ ಸಂಕಟವಾಯಿತು. ಅವ್ವ ಮಾತ್ರ "ಈಗ ಸರಿ ಆತು ನೋಡು" ಎಂದಳು. ಅವಳ ಸರದಿ ಬರುವವರೆಗೆ ಮೂರು ವಾರ, ತುಮಕೂರಿನ ಆಸ್ಪತ್ರೆಯಲ್ಲಿ ಜಾಗ ಸಿಕ್ಕ ದಿನಗಳಲ್ಲಿ ಅಲ್ಲಿಗೆ ಬಸ್ಸಿನಲ್ಲಿ ಓಡಾಡಿದೆವು. ಉಸಿರಾಡಲು ಬಹಳ ಕಷ್ಟಪಟ್ಟಳು. ಕಳೆದ ಮಂಗಳವಾರ ಅವಳ ಸರದಿ ಬಂತು. ಕಾಲಿನ ಬಾವು ಇಳಿದಿದೆ. ಅವಳಂತೆ ಕೊನೆಯಲ್ಲಿದ್ದ ಇನ್ನೂ ಮೂವರು ವಯಸ್ಸಾದವರಿಗೆ ದಿನ ಸಿಕ್ಕಿದೆ. ಕೇಂದ್ರದವರು ಈಗ ಅವಳನ್ನು ಮುದುಕವ್ವ ಮೇಡಂ ಎನ್ನುತ್ತಾರೆ!

ವೈನಿಗೆ ನಮಸ್ಕಾರ, ಮಕ್ಕಳಿಗೆ ಅವ್ವನ ಮುತ್ತು. ಎಲ್ಲರೂ ನೂರು ವರ್ಷ ಬಾಳಲಿ ಎಂದು ಹೇಳಲು ಹೇಳಿದ್ದಾಳೆ.

ನಿನ್ನ ತಂಗಿ,
ಭಾಗ್ಯಶ್ರೀ

ವಿ.ಸೂ.: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೇ ತಿಂಗಳಲ್ಲಿ ನೀನು, "ಇಷ್ಟ ವಯಸ್ಸಾದಮ್ಯಾಲ ಸೂಜಿ ಚುಚ್ಚಿಸಿ ಯಾಕ ಹಿಂಸಾ ಕೊಡ್ತಿ, ಬಿಟ್ಟಬಿಡು" ಅಂದಾಗ ಫೋನು ಸ್ಪೀಕರಿನಲ್ಲಿತ್ತು. ಅವ್ವ ಪಕ್ಕದಲ್ಲೇ ಇದ್ದಳು. ಸಿಟ್ಟಿಲ್ಲ ಅನ್ನುತ್ತಾಳೆ. ಈ ಸಲ ಪಂಚಮಿ ಮಂಗಳವಾರವೇ ಬಂದಿದೆ, ಅವಳ ಡಯಾಲಿಸಿಸ್ ದಿನ. ನೀನೇ ಬಂದು ಅವಳ ಕೈಹಿಡಿದು ಕೇಂದ್ರಕ್ಕೆ ಕರೆದುಕೊಂಡು ಹೋಗು.